ಕೋಳಿಗೆ ಹುಳುವಿನ ಹಿಟ್ಟು



ಒಂದು ಕೋಳಿಮೊಟ್ಟೆಯನ್ನು ಅಂಗೈಯಲ್ಲಿಟ್ಟು ನೋಡಿ. ತೂಕ ಸುಮಾರು 50ರಿಂದ 55 ಗ್ರಾಂ. ಚಿಪ್ಪು ತೆಗೆದರೆ ಒಳಗೆ ಉಳಿಯುವುದರಲ್ಲಿ ಮುಕ್ಕಾಲು ಪಾಲು ನೀರೇ. ಆದರೆ ಉಳಿದ ಕಾಲು ಪಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ನಿಮ್ಮ ಸ್ನಾಯು, ಕೂದಲು, ಉಗುರು, ರಕ್ತ ಎಲ್ಲಕ್ಕೂ ಬೇಕಾದ ವಸ್ತು ಅದು. ಅದಕ್ಕಾಗಿಯೇ 2021ರ ಡಿಸೆಂಬರಿನಲ್ಲಿ ನಮ್ಮ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮುಂದೆ ಇದು ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು.

ಅದೇ 2021ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕೋಳಿಗಳ ಮೇವಿಗೆ ಹಾಕುವ ಸೋಯಾ ಹಿಂಡಿಯ ಬೆಲೆ ವಿಪರೀತ ಏರಿತು. ಕೋಳಿ ಸಾಕುವವರು ಕಂಗಾಲಾದರು. ಕೊನೆಗೆ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಹೊರದೇಶಗಳಿಂದ 12 ಲಕ್ಷ ಟನ್ ಸೋಯಾ ಹಿಂಡಿ ತರಿಸಲು ಅನುಮತಿ ಕೊಡಬೇಕಾಯಿತು. ಮೊಟ್ಟೆ ಉತ್ಪಾದನೆಯ ಖರ್ಚಿನಲ್ಲಿ ಮೂರನೇ ಎರಡು ಭಾಗ ಮೇವಿಗೇ ಹೋಗುತ್ತದೆ. ಮೇವು ತುಟ್ಟಿಯಾದರೆ ಮೊಟ್ಟೆಯೂ ತುಟ್ಟಿ. ಮೊಟ್ಟೆ ತುಟ್ಟಿಯಾದರೆ ಮೊದಲು ಮೊಟ್ಟೆ ಬಿಡುವವರು ಯಾರು? ಬಡವರ ಮನೆಯ ಮಕ್ಕಳು, ಅಲ್ಲವೇ?

ಆದ್ದರಿಂದ ವಿಜ್ಞಾನಿಗಳು ಒಂದು ಪ್ರಶ್ನೆ ಕೇಳುತ್ತಿದ್ದಾರೆ: ಸೋಯಾದ ಬದಲು ಕೋಳಿಗೆ ಹುಳುವಿನ ಹಿಟ್ಟು ಕೊಟ್ಟರೆ ಹೇಗೆ? ಮೂಗು ಮುರಿಯಬೇಡಿ. ಕೋಳಿಯ ಮಟ್ಟಿಗೆ ಇದು ಹೊಸ ಊಟವೇನಲ್ಲ. ತಿಪ್ಪೆ ಕೆದಕುವ ಕೋಳಿ ಹುಡುಕುವುದು ಕಾಳನ್ನು ಮಾತ್ರವಲ್ಲ, ಹುಳುವನ್ನೂ ಹುಡುಕುತ್ತದೆ. ಮೊದಲ ಮಳೆ ಬಿದ್ದು ರೆಕ್ಕೆ ಬಂದ ಗೆದ್ದಲು ಹೊರಟ ದಿನ ಅದರ ಓಟ ನೋಡಬೇಕು! ಆಫ್ರಿಕದ ಟೋಗೊ, ಬುರ್ಕಿನಾ ಫಾಸೊ ದೇಶಗಳ ಹಳ್ಳಿಗರು ಮಡಕೆಗೆ ಒಣಹುಲ್ಲು, ಸಗಣಿ ತುಂಬಿ ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕುತ್ತಾರೆ. ಗೆದ್ದಲು ಮಡಕೆಗೆ ಹತ್ತಿಕೊಳ್ಳುತ್ತದೆ. ಅದನ್ನು ಕೋಳಿಮರಿಗಳಿಗೆ ಸುರಿಯುತ್ತಾರೆ.

ಆರು ಗ್ರಾಂ ಬಂದದ್ದು ಎಲ್ಲಿಂದ?

ಫಾರಂ ಕೋಳಿಗೆ ತಿಪ್ಪೆ ಇಲ್ಲ, ಅಂಗಳವೂ ಇಲ್ಲ. ಮುಂದಿನ ತೊಟ್ಟಿಗೆ ಏನು ಹಾಕುತ್ತೇವೋ ಅದೇ ಅದರ ಪ್ರಪಂಚ. ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ. ಆ ಮೇವಿನಲ್ಲಿ ನೂರಕ್ಕೆ 17ರಷ್ಟು ಪ್ರೋಟೀನು ಇರಬೇಕು. ಲೆಕ್ಕ ಹಾಕಿ: 110 ಗ್ರಾಮಿನಲ್ಲಿ 17 ಪಾಲು ಎಂದರೆ ಸುಮಾರು 18.7 ಗ್ರಾಂ. ಇದರಲ್ಲಿ ಮೊಟ್ಟೆಗೆ ಹೋಗುವುದು 6 ಗ್ರಾಂ. ಉಳಿದದ್ದರಲ್ಲಿ ಕೋಳಿ ತನ್ನ ಮೈ ಕಾಪಾಡಿಕೊಳ್ಳಬೇಕು, ಪುಕ್ಕ ಬೆಳೆಸಬೇಕು. ಒಂದಿಷ್ಟು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಹೋಗುತ್ತದೆ.

ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಮೆಕ್ಕೆಜೋಳ. ಅದು ಶಕ್ತಿ ಕೊಡುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಸಿಗುವಂಥ ತೌಡು, ಸೂರ್ಯಕಾಂತಿ ಹಿಂಡಿ, ಶೇಂಗಾ ಹಿಂಡಿ ಇವನ್ನೂ ಅಷ್ಟಿಷ್ಟು ಬೆರೆಸುತ್ತಾರೆ. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು ತಾನೆ? ಅದಕ್ಕಾಗಿ ಸುಣ್ಣಕಲ್ಲಿನ ಪುಡಿ ಅಥವಾ ಕಪ್ಪೆಚಿಪ್ಪಿನ ಚೂರು ಹಾಕುತ್ತಾರೆ. ಪ್ರೋಟೀನಿನ ದೊಡ್ಡ ಪಾಲು ಮಾತ್ರ ಸೋಯಾ ಹಿಂಡಿಯಿಂದ. ಅದರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಪ್ರೋಟೀನು ಇದೆ. ಕೆಲವರು ಒಣಮೀನಿನ ಹಿಟ್ಟನ್ನೂ ಬಳಸುತ್ತಾರೆ. ಆದರೆ ಕರಾವಳಿಯ ಹಿಟ್ಟಿನ ಕಾರ್ಖಾನೆಗಳಿಗೆ ಹೋಗುವ ಬೂತಾಯಿ ಮೀನು ಅಲ್ಲಿಯ ಜನರ ಊಟವೂ ಹೌದು. ಸೋಯಾ ಬೆಳೆಯುವ ಹೊಲದಲ್ಲಿ ಜನ ತಿನ್ನುವ ಬೇಳೆಯನ್ನೂ ಬೆಳೆಯಬಹುದು. ಹೀಗೆ ಕೋಳಿಯ ತೊಟ್ಟಿಗೂ ನಮ್ಮ ತಟ್ಟೆಗೂ ಒಂದು ಸಣ್ಣ ಜಗಳ ಇದ್ದೇ ಇದೆ.

ಜಿಪ್ ಇಲ್ಲದ ಜೀನ್ಸ್

ಸೋಯಾ ಯಾಕೆ, ಬರೀ ಮೆಕ್ಕೆಜೋಳ ಹಾಕಿದರೆ ಆಗದೇ? ಆಗದು. ಏಕೆಂದು ತಿಳಿಯಲು ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಯುವ ಮನೆಗೆ ಹೋಗೋಣ. ಬಳ್ಳಾರಿಯ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ಅಲ್ಲಿ 50 ಪ್ಯಾಂಟಿಗೆ ಬೇಕಾಗುವಷ್ಟು ಬಟ್ಟೆ ಇದೆ. 50 ಗುಂಡಿಗಳಿವೆ. ದಾರ ಬೇಕಾದಷ್ಟಿದೆ. ಆದರೆ ಜಿಪ್ಪುಗಳು 30 ಮಾತ್ರ. ಎಷ್ಟು ಪ್ಯಾಂಟು ಮುಗಿಯುತ್ತವೆ? ಮೂವತ್ತೇ. ಉಳಿದ ಬಟ್ಟೆ, ಗುಂಡಿ ಸುಮ್ಮನೆ ಬಿದ್ದಿರುತ್ತವೆ.

ಪ್ರೋಟೀನೂ ಹೀಗೆಯೇ. ಅದು ಅಮೈನೋ ಆಮ್ಲ ಎಂಬ ಸಣ್ಣ ತುಣುಕುಗಳ ಸರಪಳಿ. ಈ ತುಣುಕುಗಳಲ್ಲಿ 20 ಬಗೆ. ಕೆಲವನ್ನು ಕೋಳಿ ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ಕೆಲವು ಊಟದಿಂದಲೇ ಬರಬೇಕು. ಲೈಸೀನ್, ಮೆಥಿಯೊನೀನ್ ಎಂಬ ಎರಡು ಅಂಥವು. ಮೆಕ್ಕೆಜೋಳದಲ್ಲಿ ಲೈಸೀನ್ ಕಡಿಮೆ. ಸೋಯಾದಲ್ಲಿ ಲೈಸೀನ್ ಚೆನ್ನಾಗಿದೆ, ಆದರೆ ಮೆಥಿಯೊನೀನ್ ಕೊರತೆ. ಯಾವುದು ಕಡಿಮೆಯೋ ಅದೇ ಕೋಳಿಯ ಪಾಲಿನ ಜಿಪ್ಪು. ಅದು ಮುಗಿದ ಕೂಡಲೇ ಮೊಟ್ಟೆಯ ಕೆಲಸ ಕುಂಟುತ್ತದೆ. ಅದಕ್ಕೇ ಮೇವಿನ ಕಾರ್ಖಾನೆಯವರು ಮೆಥಿಯೊನೀನನ್ನು ಬೇರೆಯಾಗಿ ಕೊಂಡು ಬೆರೆಸುತ್ತಾರೆ. ಹೊಸ ಮೇವು ಯಾವುದೇ ಬರಲಿ, 'ಇದರಲ್ಲಿ ಎಷ್ಟು ಪ್ರೋಟೀನು ಇದೆ?' ಎಂದು ಕೇಳಿದರೆ ಸಾಲದು. 'ಯಾವ ತುಣುಕುಗಳು ಎಷ್ಟೆಷ್ಟಿವೆ?' ಎಂದೂ ಕೇಳಬೇಕು.

ನಮ್ಮ ರಾಜ್ಯದ ಹಳೆಯ ಹುಳು

ಹುಳುವಿನ ಮೇವು ಎಂದಾಗ ವಿದೇಶದ ಕಡೆ ನೋಡುವ ಮೊದಲು ರಾಮನಗರ, ಶಿಡ್ಲಘಟ್ಟಗಳ ಕಡೆ ನೋಡಿ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ತಯಾರಾಗುವ ರಾಜ್ಯ ನಮ್ಮದು. ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದು, ಗೂಡು ಕಟ್ಟಿ, ಒಳಗೆ ಪ್ಯೂಪ ಆಗುತ್ತದೆ. ನೂಲು ತೆಗೆಯುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಬಿಚ್ಚುತ್ತಾರೆ. ಎಳೆ ಮುಗಿದಾಗ ಉಳಿಯುವುದು ಕಂದುಬಣ್ಣದ ಪ್ಯೂಪ. 1 ಕಿಲೋ ಕಚ್ಚಾ ರೇಷ್ಮೆ ತೆಗೆದರೆ ಸುಮಾರು 8 ಕಿಲೋ ಹಸಿ ಪ್ಯೂಪ ಉಳಿಯುತ್ತದೆ. ಒಣಗಿಸಿದರೆ 2 ಕಿಲೋ.

ಈ ಒಣ ಪ್ಯೂಪದಲ್ಲಿ ಅರ್ಧದಷ್ಟು ಪ್ರೋಟೀನು, ಕಾಲು ಭಾಗಕ್ಕೂ ಹೆಚ್ಚು ಎಣ್ಣೆ. ಎಣ್ಣೆ ಹಿಂಡಿ ತೆಗೆದರೆ ಪ್ರೋಟೀನಿನ ಪಾಲು ಇನ್ನೂ ಏರುತ್ತದೆ. ಸೋಯಾದಲ್ಲಿ ಕೊರತೆಯಿರುವ ಮೆಥಿಯೊನೀನ್ ಇದರಲ್ಲಿ ಚೆನ್ನಾಗಿದೆ. ನಮ್ಮ ದೇಶದಲ್ಲಿ ಕೋಳಿ ಮೇವಿಗೂ ಮೀನಿನ ಮೇವಿಗೂ ಇದನ್ನು ಬಹಳ ಹಿಂದಿನಿಂದಲೇ ಬಳಸುತ್ತಿದ್ದಾರೆ. ಹಾಗಾದರೆ ತೊಂದರೆ ಏನು? ವಾಸನೆ! ಹಸಿ ಪ್ಯೂಪ ಬೇಗ ಕೊಳೆಯುತ್ತದೆ. ಅದರ ಎಣ್ಣೆ ಗಾಳಿಯ ಆಮ್ಲಜನಕ ತಗುಲಿ ಬೇಗ ಕಮಟು ಹಿಡಿಯುತ್ತದೆ. ಅಂಥದ್ದನ್ನು ಹೆಚ್ಚಾಗಿ ತಿಂದ ಕೋಳಿಯ ಮೊಟ್ಟೆಗೂ ಆ ವಾಸನೆ ಇಳಿಯಬಹುದು. ಆದ್ದರಿಂದ ಬೇಗ ಒಣಗಿಸಬೇಕು, ಎಣ್ಣೆ ತೆಗೆಯಬೇಕು, ಮಿತವಾಗಿ ಬೆರೆಸಬೇಕು. ಇನ್ನೊಂದು ಮಿತಿಯೂ ಇದೆ: ರೇಷ್ಮೆ ಎಷ್ಟೋ ಪ್ಯೂಪವೂ ಅಷ್ಟೇ. ಕೋಳಿಗಾಗಿ ಯಾರೂ ರೇಷ್ಮೆಹುಳು ಸಾಕುವುದಿಲ್ಲ.

ಕಸ ತಿಂದು ಬೆಳೆಯುವ ಮರಿ

ಹಾಗಾದರೆ ಕೋಳಿಗಾಗಿಯೇ ಸಾಕಬಹುದಾದ ಹುಳು ಯಾವುದು? ಅದರ ಊಟ ಅಗ್ಗವಾಗಿರಬೇಕು, ಅದು ಬೇಗ ಬೆಳೆಯಬೇಕು, ಊರಿಗೆ ರೋಗ ತರಬಾರದು. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದದ್ದು 'ಬ್ಲ್ಯಾಕ್ ಸೋಲ್ಜರ್ ಫ್ಲೈ' ಅಥವಾ ಕಪ್ಪು ಸೈನಿಕ ನೊಣ. ಇದರ ತವರು ಅಮೆರಿಕ ಖಂಡದ ಬೆಚ್ಚನೆಯ ಭಾಗ. ಈಗ ಭಾರತವೂ ಸೇರಿ ಬಿಸಿಲಿನ ನಾಡುಗಳಲ್ಲೆಲ್ಲ ಇದೆ. ನೋಡಲು ಕಣಜದಂತೆ ಕಾಣುತ್ತದೆ, ಆದರೆ ಕುಟುಕುವುದಿಲ್ಲ. ಕಣಜಕ್ಕೆ ರೆಕ್ಕೆ ನಾಲ್ಕು, ಇದಕ್ಕೆ ಎರಡೇ. ಹಾಗೆ ಎಣಿಸಿಯೇ ಇದು ನೊಣದ ಜಾತಿ ಎಂದು ಹೇಳಬಹುದು.

ಇದರ ಬದುಕು ವಿಚಿತ್ರವಾಗಿದೆ. ಹೆಣ್ಣು ನೊಣ ಒಮ್ಮೆಗೆ ಸುಮಾರು 500 ಮೊಟ್ಟೆ ಇಡುತ್ತದೆ. ಅದೂ ಕೊಳೆತ ವಸ್ತುವಿನ ಮೇಲಲ್ಲ, ಅದರ ಪಕ್ಕದ ಒಣ ಸಂದಿಯಲ್ಲಿ. ನಾಲ್ಕು ದಿನಕ್ಕೆ ಮೊಟ್ಟೆಯೊಡೆದು ಲಾರ್ವ, ಅಂದರೆ ಮರಿಹುಳು ಹೊರಬರುತ್ತದೆ. ಆಮೇಲೆ ಎರಡು ಮೂರು ವಾರ ಅದಕ್ಕೆ ಒಂದೇ ಕೆಲಸ, ತಿನ್ನುವುದು. ಕೊಳೆತ ಹಣ್ಣು, ತರಕಾರಿ ಸಿಪ್ಪೆ, ಹಳಸಿದ ಅನ್ನ ಏನಾದರೂ ಸರಿ. ಅಷ್ಟರಲ್ಲಿ ಅದರ ತೂಕ ಸಾವಿರಾರು ಪಟ್ಟು ಹೆಚ್ಚುತ್ತದೆ! ಹೊಟ್ಟೆ ತುಂಬಿದ ಮೇಲೆ ಮೈ ಕಪ್ಪಾಗುತ್ತದೆ. ಒಣ, ಕತ್ತಲ ಜಾಗ ಹುಡುಕಿ ತಾನೇ ಕಸದಿಂದ ಹೊರಗೆ ತೆವಳುತ್ತದೆ. ಸಾಕುವವರು ತೊಟ್ಟಿಗೆ ಒಂದು ಇಳಿಜಾರು ಹಲಗೆ ಇಟ್ಟರೆ ಸಾಕು, ಹುಳುಗಳು ತಾವೇ ಹತ್ತಿ ಬಂದು ಡಬ್ಬಿಗೆ ಬೀಳುತ್ತವೆ. ತನ್ನ ಸುಗ್ಗಿಯನ್ನು ತಾನೇ ಮಾಡಿಕೊಳ್ಳುವ ಬೆಳೆ ಬೇರೆ ಯಾವುದಿದೆ ಹೇಳಿ!

ಪ್ಯೂಪ ಹಂತ ದಾಟಿ ರೆಕ್ಕೆ ಬಂದ ನೊಣ ಬದುಕುವುದು ಒಂದೆರಡು ವಾರ. ಅದು ಊಟ ಮಾಡಬೇಕಾಗಿಲ್ಲ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನಿಂದಲೇ ಬದುಕುತ್ತದೆ, ನೀರು ಸಿಕ್ಕರೆ ಕುಡಿಯುತ್ತದೆ. ಹೊಲಸಿನ ಮೇಲೆ ಕುಳಿತು ಹಾಗೆಯೇ ನಿಮ್ಮ ರೊಟ್ಟಿಯ ಮೇಲೆ ಬಂದು ಕೂರುವ ಮನೆನೊಣದ ಚಾಳಿ ಇದಕ್ಕಿಲ್ಲ. ಹೀಗಾಗಿ ಮನೆನೊಣದಂತೆ ಇದು ರೋಗ ಹರಡುವುದಿಲ್ಲ.

ಒಣಗಿಸಿದ ಮರಿಹುಳುವಿನಲ್ಲಿ ನೂರಕ್ಕೆ ಸುಮಾರು 40 ಪ್ರೋಟೀನು, 30 ಕೊಬ್ಬು. ಕೊಬ್ಬು ತೆಗೆದ ಹಿಟ್ಟಿನಲ್ಲಿ ಪ್ರೋಟೀನು 55ರ ಆಚೆ ಈಚೆ. ಕ್ಯಾಲ್ಸಿಯಂ ಕೂಡ ಚೆನ್ನಾಗಿದೆ. ಚಿಪ್ಪು ಕಟ್ಟುವ ಕೋಳಿಗೆ ಅದು ಲಾಭವೇ. ಹುಳುವಿನ ಹೊರಮೈ ಕೈಟಿನ್ ಎಂಬ ನಾರಿನಂಥ ವಸ್ತುವಿನಿಂದ ಆಗಿದೆ. ಅದನ್ನು ಕೋಳಿ ಪೂರ್ತಿ ಅರಗಿಸಿಕೊಳ್ಳಲಾರದು. ಇಲ್ಲೊಂದು ಸೂಕ್ಷ್ಮವಿದೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಎಂದು ಅಳೆದು, ಅದರಿಂದ ಲೆಕ್ಕ ಹಾಕುತ್ತಾರೆ. ಕೈಟಿನ್‌ನಲ್ಲೂ ಸಾರಜನಕ ಇದೆ! ಹೀಗಾಗಿ ಹುಳುವಿನ ಹಿಟ್ಟಿನ ಚೀಲದ ಮೇಲೆ ಬರೆದ ಪ್ರೋಟೀನಿನ ಅಂಕಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರುವ ಸಂಭವವುಂಟು.

ಸಾವಿರ ಕೋಳಿಗಳ ಲೆಕ್ಕ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಕುರುಗೋಡಿನ ಹತ್ತಿರ ಒಬ್ಬ ರೈತರು 1000 ಕೋಳಿ ಸಾಕಿದ್ದಾರೆ ಎಂದು ಭಾವಿಸೋಣ. ದಿನಕ್ಕೆ 110 ಕಿಲೋ ಮೇವು ಬೇಕು. ಅದರಲ್ಲಿ ಐದನೇ ಒಂದು ಭಾಗ, ಅಂದರೆ 22 ಕಿಲೋ ಸೋಯಾ ಹಿಂಡಿ ಎಂದಿಟ್ಟುಕೊಳ್ಳಿ. ಆ 22 ಕಿಲೋದಿಂದ ಸಿಗುವ ಪ್ರೋಟೀನು ಸುಮಾರು 10 ಕಿಲೋ. ಇಷ್ಟೇ ಪ್ರೋಟೀನು ಹುಳುವಿನಿಂದ ಬರಬೇಕಾದರೆ 25 ಕಿಲೋ ಒಣಹುಳು ಬೇಕು (25ರಲ್ಲಿ ನೂರಕ್ಕೆ 40 ಎಂದರೆ 10). ಹಸಿಹುಳುವಿನಲ್ಲಿ ಮೂರನೇ ಎರಡು ಭಾಗ ನೀರು. ಆದ್ದರಿಂದ ಹಸಿಹುಳು 75 ಕಿಲೋ ಬೇಕಾಯಿತು. 1 ಕಿಲೋ ಹಸಿಹುಳು ಬೆಳೆಯಲು 5ರಿಂದ 6 ಕಿಲೋ ಹಸಿ ಕಸ ಬೇಕು. ಹಾಗಾದರೆ ದಿನವೊಂದಕ್ಕೆ ಕಸ ಎಷ್ಟು? 375ರಿಂದ 450 ಕಿಲೋ!

ಅಂದರೆ ಪ್ರತಿದಿನ ಒಂದು ಸಣ್ಣ ಟೆಂಪೊ ತುಂಬ ತರಕಾರಿ ಸಿಪ್ಪೆ. ಬಳ್ಳಾರಿಯಂಥ ನಗರದಲ್ಲಿ ಅಷ್ಟು ಕಸಕ್ಕೆ ಬರವಿಲ್ಲ ಎನ್ನುತ್ತೀರಿ. ನಿಜ. ಆದರೆ ನಿಮ್ಮ ಓಣಿಯ ಕಸದ ರಾಶಿಯಲ್ಲಿ ಸಿಪ್ಪೆಯ ಜೊತೆ ಪ್ಲಾಸ್ಟಿಕ್ ಚೀಲ, ಹಳೆಯ ಬ್ಯಾಟರಿ, ಔಷಧದ ಪಟ್ಟಿ, ಬಣ್ಣದ ಬಟ್ಟೆಚೂರು ಎಲ್ಲ ಸೇರಿರುವುದಿಲ್ಲವೇ? ಈ ಹುಳು ಕ್ಯಾಡ್ಮಿಯಂ ಎಂಬ ವಿಷಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೆಲವು ಬ್ಯಾಟರಿಗಳಲ್ಲಿ ಆ ಲೋಹ ಇರುತ್ತದೆ. ಕಸದಿಂದ ಹುಳುವಿಗೆ, ಹುಳುವಿನಿಂದ ಕೋಳಿಗೆ ಅದು ದಾಟಬಾರದು. ಹೀಗಾಗಿ ಹುಳು ಸಾಕಣೆಯ ಮೊದಲ ಯಂತ್ರ ಯಾವುದು ಗೊತ್ತೇ? ಮನೆಯಲ್ಲಿ ಹಸಿಕಸ, ಒಣಕಸ ಬೇರೆ ಮಾಡುವ ಎರಡು ಬುಟ್ಟಿಗಳು.

ಯುರೋಪಿನವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಿಂದೆ ಅಲ್ಲಿ ದನಗಳಿಗೆ ಪ್ರಾಣಿಗಳ ಮಾಂಸ, ಮೂಳೆಯ ಹಿಟ್ಟು ತಿನ್ನಿಸಿ 'ಹುಚ್ಚು ಹಸು ರೋಗ' ಹರಡಿತ್ತು. ಆ ಭಯದಿಂದ ಪ್ರಾಣಿಜನ್ಯ ಮೇವನ್ನೇ ನಿಷೇಧಿಸಿದ್ದರು. ಹುಳುವಿನ ಹಿಟ್ಟನ್ನು 2017ರಲ್ಲಿ ಸಾಕುಮೀನುಗಳಿಗೆ, 2021ರಲ್ಲಿ ಕೋಳಿ ಮತ್ತು ಹಂದಿಗಳಿಗೆ ಕೊಡಲು ಒಪ್ಪಿದರು. ಆದರೂ ಆ ಹುಳುಗಳಿಗೆ ಹೋಟೆಲಿನ ಎಂಜಲನ್ನಾಗಲಿ ಸಗಣಿಯನ್ನಾಗಲಿ ಹಾಕುವಂತಿಲ್ಲ. ದನಕ್ಕೆ ಹಾಕಲು ಯೋಗ್ಯವಾದದ್ದನ್ನೇ ಹುಳುವಿಗೂ ಹಾಕಬೇಕು. ಇದರಿಂದ ಅಪಾಯ ತಪ್ಪಿತು, ಆದರೆ ಹುಳು ತುಟ್ಟಿಯಾಯಿತು. ಅಗ್ಗವೂ ಆಗಬೇಕು, ಸುರಕ್ಷಿತವೂ ಆಗಬೇಕು ಎಂಬುದೇ ಇಲ್ಲಿಯ ಕಗ್ಗಂಟು.

ಬಳ್ಳಾರಿಯ ಬಿಸಿಲಿನದು ಇನ್ನೊಂದು ಕಥೆ. ಈ ನೊಣಗಳು ಜೋಡಿಯಾಗಲು ಒಳ್ಳೆಯ ಬೆಳಕು ಬೇಕು. ಚಳಿ ದೇಶಗಳಲ್ಲಿ ಅದಕ್ಕಾಗಿ ವಿಶೇಷ ದೀಪ ಉರಿಸುತ್ತಾರೆ. ನಮಗೆ ಸೂರ್ಯನೇ ಇದ್ದಾನೆ, ಹುಳು ಒಣಗಿಸಲೂ ಅವನೇ ಸಾಕು. ಆದರೆ ಮರಿಹುಳುಗಳಿಗೆ ಹಿತವಾದದ್ದು 27ರಿಂದ 30 ಡಿಗ್ರಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಸಾವಿರಾರು ಹುಳುಗಳು ಒಟ್ಟಿಗೆ ಹೊರಳಾಡುವ ತೊಟ್ಟಿ ತಾನೇ ಬಿಸಿ ಹುಟ್ಟಿಸುತ್ತದೆ. ನೆರಳು, ಗಾಳಿ, ತೇವ ಇಲ್ಲದಿದ್ದರೆ ಹುಳುಗಳು ಸಾಯುತ್ತವೆ.

ಕೋಳಿಗಳು ಏನು ಹೇಳಿದವು?

ಲೆಕ್ಕ ನಾವು ಹಾಕಬಹುದು, ಊಟ ಮಾಡಬೇಕಾದದ್ದು ಕೋಳಿ. ಅದನ್ನೇ ಕೇಳಿದ ಎರಡು ಪ್ರಯೋಗಗಳನ್ನು ನೋಡೋಣ.

ಸ್ವಿಟ್ಸರ್ಲೆಂಡಿನ ಒಂದು ಪ್ರಯೋಗದ ವಿವರ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರತಿ ಗುಂಪಿಗೆ 10 ಕೋಳಿ. ಒಂದು ಗುಂಪಿಗೆ ಎಂದಿನ ಸೋಯಾ ಮೇವು, ಉಳಿದವಕ್ಕೆ ಸೋಯಾದ ಬದಲು ಸೈನಿಕ ನೊಣದ ಮರಿಹುಳುವಿನ ಹಿಟ್ಟು. ಮೂರು ವಾರ ಕೊಟ್ಟು ನೋಡಿದರು. ಮೊಟ್ಟೆಯ ಸಂಖ್ಯೆಯಲ್ಲಾಗಲಿ ತಿಂದ ಮೇವಿನಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಸರಿಯಾಯಿತು ಎಂದು ಚಪ್ಪಾಳೆ ತಟ್ಟೋಣವೇ? ತಡೆಯಿರಿ.

ಮರುವರ್ಷ ಇಟಲಿಯ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಅಲ್ಲಿ ಗುಂಪಿಗೆ 54 ಕೋಳಿ. ನಡೆಸಿದ್ದು 21 ವಾರ. ಸೋಯಾವನ್ನು ಪೂರ್ತಿ ತೆಗೆದು ಹುಳುವಿನ ಹಿಟ್ಟು ಹಾಕಿದರು. ಕೋಳಿಗಳಿಗೆ ಕಾಯಿಲೆ ಬರಲಿಲ್ಲ. ರಕ್ತದಲ್ಲಿ ಕೊಲೆಸ್ಟರಾಲ್ ಕಡಿಮೆಯಾಯಿತು, ಕ್ಯಾಲ್ಸಿಯಂ ಹೆಚ್ಚಾಯಿತು. ಆದರೆ ಅವು ಮೇವನ್ನು ಕಡಿಮೆ ತಿಂದವು, ಮೊಟ್ಟೆ ಕಡಿಮೆ ಇಟ್ಟವು, ಮೊಟ್ಟೆಯ ತೂಕವೂ ಇಳಿಯಿತು. ಹುಳುವಿನ ಹಿಟ್ಟಿನಿಂದ ಮೇವಿನ ಬಣ್ಣ ಕಪ್ಪಾದದ್ದೂ ಇದಕ್ಕೆ ಒಂದು ಕಾರಣವಿರಬಹುದು. ಕೋಳಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಊಟ ಆರಿಸುವ ಪಕ್ಷಿ.

ಒಂದೇ ಹುಳು, ಎರಡು ಉತ್ತರ! ಯಾವುದನ್ನು ನಂಬುವುದು? ಇಬ್ಬರೂ ಸುಳ್ಳು ಹೇಳಿಲ್ಲ. ಮೂರು ವಾರದಲ್ಲಿ ಕೋಳಿ ತನ್ನ ಮೈಯಲ್ಲಿ ಕೂಡಿಟ್ಟದ್ದನ್ನು ಖರ್ಚುಮಾಡಿ ಮೊಟ್ಟೆ ಇಡುತ್ತಾ ಹೋಗಬಹುದು. ಕೊರತೆ ಹೊರಗೆ ಕಾಣಲು ಕಾಲ ಬೇಕು. ಹತ್ತು ಕೋಳಿಗಳಲ್ಲಿ ಒಂದೆರಡು ಹೆಚ್ಚು ಚುರುಕಾಗಿದ್ದರೂ ಸರಾಸರಿ ಏರುಪೇರಾಗುತ್ತದೆ. ಹಾಗಾಗಿ ದೊಡ್ಡ ಗುಂಪಿನ, ದೀರ್ಘಕಾಲದ ಪ್ರಯೋಗಕ್ಕೆ ನಾವು ಹೆಚ್ಚು ಬೆಲೆ ಕೊಡಬೇಕು. ಈಗ ಬಹಳ ಸಂಶೋಧಕರು ಸೋಯಾವನ್ನು ಪೂರ್ತಿ ತೆಗೆಯದೆ ಅದರ ಸ್ವಲ್ಪ ಪಾಲನ್ನು ಮಾತ್ರ ಹುಳುವಿನಿಂದ ತುಂಬಲು ನೋಡುತ್ತಿದ್ದಾರೆ. ಮೇಲಿನ ನಮ್ಮ ಲೆಕ್ಕದಲ್ಲಿ ಕಾಲು ಪಾಲು ಸೋಯಾವನ್ನಷ್ಟೇ ತೆಗೆದರೆ ರೈತರಿಗೆ ದಿನಕ್ಕೆ ಎಷ್ಟು ಕಸ ಬೇಕಾದೀತು? ನೀವೇ ಹೇಳಿ.

ನೀವೇ ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ನಾಟಿ ಕೋಳಿಯನ್ನು ಆರಿಸಿಕೊಳ್ಳಿ. ಅದಕ್ಕೆ ಬೆದರಿಕೆಯಾಗದಷ್ಟು ದೂರ ಕುಳಿತು, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಗಮನಿಸಿ. ಅದು ಕುಕ್ಕಿದ್ದು ಕಾಳನ್ನೋ, ಸೊಪ್ಪನ್ನೋ, ಹುಳುವನ್ನೋ, ಸಣ್ಣ ಕಲ್ಲನ್ನೋ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ. (ಕಲ್ಲು ಯಾಕೆ? ಕೋಳಿಗೆ ಹಲ್ಲಿಲ್ಲ. ನುಂಗಿದ ಕಲ್ಲುಗಳು ಗಿಜರ್ಡ್ ಎಂಬ ಗಟ್ಟಿ ಸ್ನಾಯುಚೀಲದಲ್ಲಿ ಉಳಿದು ಕಾಳನ್ನು ಅರೆಯುತ್ತವೆ.) ಏನೆಂದು ಗೊತ್ತಾಗದಿದ್ದರೆ 'ಗೊತ್ತಾಗಲಿಲ್ಲ' ಎಂಬ ಕಾಲಮಿನಲ್ಲಿ ಗೀಟು ಹಾಕಿ, ಊಹಿಸಿ ಬರೆಯಬೇಡಿ. ಹೀಗೆ ಐದು ದಿನ ಮಾಡಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಇನ್ನೊಮ್ಮೆ ಮಾಡಿದರೆ ಎರಡು ಪಟ್ಟಿಗಳನ್ನು ಹೋಲಿಸಬಹುದು. ಹುಳುವಿನ ಗೀಟುಗಳು ಯಾವಾಗ ಹೆಚ್ಚಿವೆ? ಆಗ ಕೋಳಿ ವಾರಕ್ಕೆ ಎಷ್ಟು ಮೊಟ್ಟೆ ಇಟ್ಟಿತು ಎಂದು ಮನೆಯವರನ್ನು ಕೇಳಿ ಅದನ್ನೂ ಪಕ್ಕದಲ್ಲಿ ಬರೆಯಿರಿ. ತಿಪ್ಪೆಯನ್ನು ಬರಿಗೈಯಿಂದ ಕೆದಕಬೇಡಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಪಟ್ಟಿಯನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ಇಲ್ಲವೇ ಟೀಚರ್‌ಗೆ ತೋರಿಸಿ. ಬೇರೆ ಓಣಿಯ ಗೆಳೆಯರೂ ಇದನ್ನೇ ಮಾಡಿದ್ದರೆ ಎಲ್ಲರ ಪಟ್ಟಿಗಳನ್ನು ಕೂಡಿಸಿ ಸರಾಸರಿ ತೆಗೆಯಿರಿ.